ಒಂದು ಕಣ್ಣು ಮುಚ್ಚಿ ಅಳೆದ ತಂಬಿಗೆ

ಮಕ್ಕಳಿಗೆ ಕ್ಯೂಬಿಸಂ ಕಲಿಸುತ್ತೇವೆ ಎನ್ನುವ ಪಾಠಗಳು ಹೆಚ್ಚಾಗಿ ಒಂದೇ ಮುಖದಿಂದ ಶುರುವಾಗುತ್ತವೆ. ಹಾಳೆಯ ನಡುವೆ ಮೇಲಿಂದ ಕೆಳಗೆ ಒಂದು ಅಂಕುಡೊಂಕು ಗೆರೆ. ಅದರ ಎಡಕ್ಕೆ ಪಕ್ಕದಿಂದ ಕಂಡ ಅರ್ಧ ಮುಖ, ಬಲಕ್ಕೆ ಎದುರಿನಿಂದ ಕಂಡ ಇನ್ನರ್ಧ. ಒಂದು ಕಣ್ಣು ಮೇಲೆ, ಒಂದು ಕಣ್ಣು ಕೆಳಗೆ. ಕೆನ್ನೆಯನ್ನು ಸ್ಕೇಲಿಟ್ಟು ತ್ರಿಕೋನಗಳಾಗಿ ಕೊಯ್ದು, ಒಂದೊಂದಕ್ಕೂ ಒಂದೊಂದು ಸ್ಕೆಚ್ ಪೆನ್ನಿನ ಬಣ್ಣ. ನಲವತ್ತು ನಿಮಿಷದ ಪಿರಿಯಡ್ ಮುಗಿಯುವುದರೊಳಗೆ ನಲವತ್ತು ಪಿಕಾಸೊಗಳು ಸಿದ್ಧ. ಗೋಡೆಗೆ ಅಂಟಿಸಿದರೆ ನೋಡಲು ಚೆನ್ನಾಗಿಯೂ ಇರುತ್ತವೆ. ಚೆನ್ನಾಗಿರುವುದರ ಬಗ್ಗೆ ನನಗೆ ತಕರಾರಿಲ್ಲ. ಅಷ್ಟು ಮುಖ ಬರೆಯುವಾಗ ಒಬ್ಬರೂ ಒಂದು ಮುಖವನ್ನೂ ನೋಡಿರುವುದಿಲ್ಲವಲ್ಲ, ತಕರಾರು ಅದರದು.

ಮೊದಲು ಕಾಲದ ಲೆಕ್ಕ. ಎದುರು ಮತ್ತು ಪಕ್ಕ ಎರಡೂ ಒಂದೇ ತಲೆಯಲ್ಲಿ ಸೇರಿ ಗಾಢ ಬಣ್ಣದಲ್ಲಿ ಹೊಳೆಯುವ ಪಿಕಾಸೊನ ಮುಖಗಳು ಹೆಚ್ಚಾಗಿ 1930ರ ದಶಕದವು. ಎಲ್ಲರೂ ನಕಲು ಮಾಡುವ ‘ಅಳುವ ಹೆಂಗಸು’ 1937ರ ಚಿತ್ರ. ಕ್ಯೂಬಿಸಂ ಎಂದು ಚರಿತ್ರೆ ಕರೆಯುವುದು ಅದಕ್ಕಿಂತ ಬಹಳ ಹಿಂದೆ, ಸುಮಾರು 1907ರಿಂದ 1914ರವರೆಗೆ, ಪಿಕಾಸೊ ಮತ್ತು ಜಾರ್ಜ್ ಬ್ರಾಕ್ ಪರಸ್ಪರರ ಸ್ಟುಡಿಯೋಗಳಿಗೆ ಎಡತಾಕುತ್ತ ನಡೆಸಿದ ಪ್ರಯೋಗವನ್ನು. ಅದರ ನಡುಘಟ್ಟದ ಚಿತ್ರಗಳಲ್ಲಿ ಬಣ್ಣವೇ ಇಲ್ಲವೆನ್ನಬೇಕು. ಕಂದು, ಬೂದಿ, ಮಾಸಲು ಹಸಿರು, ಅಷ್ಟೆ. 1910ರಲ್ಲಿ ಪಿಕಾಸೊ ಬರೆದ ಕಲಾವ್ಯಾಪಾರಿ ಕಾನ್‌ವೈಲರನ ಭಾವಚಿತ್ರದ ಮುಂದೆ ನಿಂತವರಿಗೆ ಮೊದಲು ಕಾಣುವುದು ಕಂದು ಬಣ್ಣದ ಚೂರುಗಳ ರಾಶಿ. ನಿಧಾನಕ್ಕೆ ಒಂದು ಕಡೆ ಬಾಚಿದ ಕೂದಲು, ಇನ್ನೊಂದು ಕಡೆ ಗಡಿಯಾರದ ಸರಪಳಿ, ಕೆಳಗೆ ಜೋಡಿಸಿಟ್ಟ ಕೈಗಳು. ಇಪ್ಪತ್ನಾಲ್ಕು ಬಣ್ಣದ ಡಬ್ಬಿ ಕೊಟ್ಟು ಇದನ್ನು ಕಲಿಸುತ್ತೇವೆ ಎನ್ನುವುದು, ಮೌನವ್ರತದ ಪಾಠವನ್ನು ಧ್ವನಿವರ್ಧಕ ಹಚ್ಚಿ ಮಾಡಿದ ಹಾಗೆ.

ಹೆಸರೂ ದಾರಿ ತಪ್ಪಿಸಿದೆ. 1908ರಲ್ಲಿ ಬ್ರಾಕ್ ಲೆಸ್ತಾಕ್ ಎಂಬ ಊರಿನ ಮನೆಗಳನ್ನು ಬರೆದು ತಂದು ಪ್ರದರ್ಶನಕ್ಕಿಟ್ಟಾಗ ವಿಮರ್ಶಕ ಲೂಯಿ ವೋಸೆಲ್ ಎಲ್ಲವನ್ನೂ ಘನಗಳಾಗಿ ಮಾಡಿಬಿಟ್ಟಿದ್ದಾನೆಂದು ಗೇಲಿ ಮಾಡಿದ. ಗೇಲಿಯೇ ಪಂಥದ ಹೆಸರಾಯಿತು. ನನ್ನ ಸಂಶೋಧನೆ ಕನ್ನಡದಲ್ಲಿ ಕಲೆಯ ಬಗ್ಗೆ ಬರೆಯುವ ಭಾಷೆಗೆ ಸಂಬಂಧಿಸಿದ್ದಾದ್ದರಿಂದ ಇಂಥ ಕಡೆ ನಾನು ಸ್ವಲ್ಪ ಹೊತ್ತು ನಿಲ್ಲುತ್ತೇನೆ. ನಾವು ಅದನ್ನು ‘ಘನಾಕೃತಿ ಕಲೆ’ ಎಂದು ಕನ್ನಡಿಸಿಕೊಂಡೆವು. ಗಣಿತದ ಪುಸ್ತಕದಲ್ಲಿ ಘನ, ಆಯತಘನ ಓದಿದ ಹುಡುಗನಿಗೆ ಈ ಪದ ಹೇಳಿದರೆ ಅವನು ಕೂಡಲೇ ಪೆಟ್ಟಿಗೆ ಬರೆಯುತ್ತಾನೆ. ಅವನ ತಪ್ಪೇನಿಲ್ಲ. ಹೆಸರು ಆಕಾರದ ಬಗ್ಗೆ ಮಾತಾಡುತ್ತದೆ, ಆ ಚಿತ್ರಗಳು ನೋಡುವವನು ನಿಂತ ಜಾಗದ ಬಗ್ಗೆ ಮಾತಾಡುತ್ತವೆ. ಹಾಗಾಗಿ ಈ ಬರಹದಲ್ಲಿ ಕ್ಯೂಬಿಸಂ ಎಂದೇ ಬರೆಯುತ್ತೇನೆ. ಅರ್ಥವಾಗದ ಹೆಸರು ಕೆಲವು ಸಲ ಅರ್ಧ ಅರ್ಥವಾಗುವ ಹೆಸರಿಗಿಂತ ಒಳ್ಳೆಯದು.

ನಿಂತ ಜಾಗ ಎಂದೆ. 1435ರಲ್ಲಿ ಇಟಲಿಯ ಆಲ್ಬರ್ಟಿ ಚಿತ್ರಕಲೆಯ ಬಗ್ಗೆ ಬರೆದ ಗ್ರಂಥದಲ್ಲಿ ಚಿತ್ರವನ್ನು ತೆರೆದ ಕಿಟಕಿಗೆ ಹೋಲಿಸುತ್ತಾನೆ. ಕಿಟಕಿಯೊಳಗಿಂದ ನೋಡುವವನು ಒಂದು ಕಡೆ ನಿಲ್ಲಬೇಕು, ಅಲುಗಬಾರದು. ಆರು ಶತಮಾನ ಕಳೆದರೂ ನಮ್ಮ ಲೋವರ್ ಗ್ರೇಡ್, ಹೈಯರ್ ಗ್ರೇಡ್ ಡ್ರಾಯಿಂಗ್ ಪರೀಕ್ಷೆಯ ವಸ್ತುಚಿತ್ರ ಅದೇ ಕಿಟಕಿಯ ಮುಂದೆ ಕೂತಿದೆ. ಆ ಪರೀಕ್ಷೆಗೆ ಕೂತವರಿಗೆಲ್ಲ ನೆನಪಿರುತ್ತದೆ: ಸ್ಟೂಲಿನ ಮೇಲೆ ಒಂದು ಕೊಡವೋ ತಂಬಿಗೆಯೋ, ಪಕ್ಕದಲ್ಲಿ ಒಂದು ಹಣ್ಣು. ಒಂದು ಕಣ್ಣು ಮುಚ್ಚಬೇಕು. ಪೆನ್ಸಿಲ್ ಹಿಡಿದ ಕೈಯನ್ನು ಮೊಣಕೈ ಮಡಚದೆ ಮುಂದೆ ಚಾಚಬೇಕು. ಹೆಬ್ಬೆರಳನ್ನು ಪೆನ್ಸಿಲ್ ಮೇಲೆ ಸರಿಸುತ್ತ ಅಳತೆ ತೆಗೆಯಬೇಕು. ಈ ವಿದ್ಯೆಯನ್ನು ನಾನು ಹಗುರವಾಗಿ ಕಾಣುವುದಿಲ್ಲ. ಎಷ್ಟೋ ಮಕ್ಕಳಿಗೆ ಇದು ಅನ್ನದ ದಾರಿಯಾಗಿದೆ. ಆದರೆ ಚಿತ್ರ ಬರೆಯಲು ನಾವು ಕೊಡುವ ಮೊದಲ ಸೂಚನೆ ಒಂದು ಕಣ್ಣು ಮುಚ್ಚು ಎಂಬುದು, ಎರಡನೆಯದು ಕೂತಲ್ಲಿಂದ ಏಳಬೇಡ ಎಂಬುದು. ಬ್ರಾಕ್ ಮತ್ತು ಪಿಕಾಸೊ ಪ್ರಶ್ನಿಸಿದ್ದು ಈ ಎರಡು ಸೂಚನೆಗಳನ್ನು.

ಇದನ್ನು ಮಕ್ಕಳ ಜೊತೆ ಮಾಡಿ ನೋಡಬಹುದೇ ಎಂಬ ಕುತೂಹಲದಿಂದ ಕಳೆದ ಬೇಸಿಗೆ ರಜೆಯಲ್ಲಿ ಬಾಗಲಕೋಟೆ ತಾಲೂಕಿನ ಬೇವೂರಿನಲ್ಲಿ, ಪರಿಚಿತರ ಮನೆಯ ಪಡಸಾಲೆಯಲ್ಲಿ, ಆರು ದಿನ ಹದಿನಾಲ್ಕು ಮಕ್ಕಳನ್ನು ಕೂಡಿಸಿಕೊಂಡಿದ್ದೆ. ಎಲ್ಲ ಹತ್ತರಿಂದ ಹದಿಮೂರು ವರ್ಷದವರು. ವಯಸ್ಸನ್ನು ಬೇಕೆಂದೇ ಆರಿಸಿದ್ದು. ಐದಾರು ವರ್ಷದ ಮಗುವಿಗೆ ಚಿತ್ರ ಬರೆ ಎಂದರೆ ಬರೆದುಬಿಡುತ್ತದೆ. ಹತ್ತು ದಾಟಿದ ಮೇಲೆ ಅದೇ ಮಗು ‘ನನಗ ಚಿತ್ರಾ ಬರಂಗಿಲ್ರಿ’ ಎನ್ನಲು ಶುರು ಮಾಡುತ್ತದೆ, ಬಹಳ ಮಂದಿ ಅಲ್ಲಿಗೇ ಬಿಟ್ಟೂಬಿಡುತ್ತಾರೆ. ಆ ಬಿಡುವ ಗಳಿಗೆಯಲ್ಲಿ ಕ್ಯೂಬಿಸಂಗೆ ಏನಾದರೂ ಕೆಲಸವಿದೆಯೇ ಎಂದು ನೋಡಬೇಕಿತ್ತು.

ಮೊದಲ ದಿನ ಒಂದು ಹಿತ್ತಾಳೆ ತಂಬಿಗೆ ಇಟ್ಟು ಬರೆಯಿರಿ ಎಂದೆ, ಅಷ್ಟೆ. ಹನ್ನೆರಡು ಜನ ಬಾಯಿಯನ್ನು ಪೂರ್ತಿ ವೃತ್ತವಾಗಿ, ತಳವನ್ನು ನೆಟ್ಟಗಿನ ಗೆರೆಯಾಗಿ ಬರೆದರು. ಗ್ರೇಡ್ ಪರೀಕ್ಷೆಗೆ ತಯಾರಾಗುತ್ತಿದ್ದ ಇಬ್ಬರು ಹುಡುಗಿಯರು ಮಾತ್ರ ಬಾಯಿಯನ್ನು ಚಪ್ಪಟೆ ಅಂಡಾಕಾರವಾಗಿ, ತಳವನ್ನು ಅದಕ್ಕೆ ಹೊಂದುವ ಬಾಗಿದ ಗೆರೆಯಾಗಿ ತಂದಿದ್ದರು. ಅವರ ಹಾಳೆ ನೋಡಿದ್ದೇ ಉಳಿದವರು ತಮ್ಮ ಹಾಳೆ ಮುಚ್ಚಿಕೊಳ್ಳತೊಡಗಿದರು. ವೃತ್ತ ಬರೆದಿದ್ದ ಒಬ್ಬ ಹುಡುಗನನ್ನು ಯಾಕೆ ಹೀಗೆ ಬರೆದೆ ಎಂದು ಕೇಳಿದೆ. “ಅಕ್ಕಾರ, ತಂಬಿಗಿ ಬಾಯಿ ಗುಂಡಗ ಐತ್ರಿ. ತಳ ನೆಲಕ್ಕ ಹತ್ತೇತಿ, ಅದಕ್ಕ ಸೀದಾ ಗೆರಿ ಹೊಡದೇನ್ರಿ” ಎಂದ. ಅವನು ಹೇಳಿದ್ದರಲ್ಲಿ ಸುಳ್ಳೇನಿದೆ? ಬಾಯಿ ದುಂಡಗೇ ಇದೆ. ತಳ ನೆಲಕ್ಕೆ ಕೂತೇ ಇದೆ.

ಫ್ರಾನ್ಸಿನ ಜಾರ್ಜ್ ಆನ್ರಿ ಲ್ಯೂಕೆ 1927ರಲ್ಲಿ ಮಕ್ಕಳ ಚಿತ್ರಗಳ ಬಗ್ಗೆ ಪ್ರಕಟಿಸಿದ ಪುಸ್ತಕದಲ್ಲಿ ಇದಕ್ಕೊಂದು ಹೆಸರು ಕೊಟ್ಟಿದ್ದಾನೆ. ಕನ್ನಡದಲ್ಲಿ ‘ಅರಿವಿನ ವಾಸ್ತವ’ ಎನ್ನಬಹುದೇನೋ. ಮಗು ಮೊದಲು ತನಗೆ ಗೊತ್ತಿರುವುದನ್ನು ಬರೆಯುತ್ತದೆ: ಹಗೇವಿನೊಳಗಿನ ಜೋಳ, ಬಸ್ಸಿನ ನಾಲ್ಕೂ ಗಾಲಿ, ತಾಯಿಯ ಹೊಟ್ಟೆಯೊಳಗಿನ ಕೂಸು. ಬೆಳೆಯುತ್ತ ‘ಕಾಣುವ ವಾಸ್ತವ’ಕ್ಕೆ ದಾಟುತ್ತದೆ, ಕಂಡಷ್ಟನ್ನೇ ಬರೆಯುತ್ತದೆ. ಶಾಲೆ ಈ ದಾಟುವಿಕೆಯನ್ನು ತಪ್ಪಿನಿಂದ ಸರಿಗೆ ಬಂದಂತೆ ಕಾಣುತ್ತದೆ. ಇದಕ್ಕೆ ಎದುರಾಗಿ, ಕಲಾಶಿಕ್ಷಣದ ಉತ್ಸಾಹಿಗಳು ಮಗುವಿನ ವೃತ್ತವನ್ನು ತೋರಿಸಿ ‘ನೋಡಿ, ಹುಟ್ಟು ಕ್ಯೂಬಿಸ್ಟ್’ ಎಂದು ಬೆನ್ನು ತಟ್ಟುತ್ತಾರೆ. ಎರಡನ್ನೂ ನಾನು ಒಪ್ಪಲಾರೆ. ಮೇಲ್ನೋಟಕ್ಕೆ ಬ್ರಾಕ್‌ನ ಗ್ಲಾಸು ಮತ್ತು ಆ ಹುಡುಗನ ತಂಬಿಗೆ ಒಂದೇ ರೀತಿ ಇವೆ, ನಿಜ. ಬಾಯಿ ಮೇಲಿನಿಂದ, ಮೈ ಎದುರಿನಿಂದ. ಆದರೆ ಬ್ರಾಕ್‌ಗೆ ಅಂಡಾಕಾರ ಗೊತ್ತಿತ್ತು. ಗೊತ್ತಿದ್ದೂ ಅದೊಂದೇ ಸಾಲದು ಎಂದು ಅವನಿಗೆ ಅನ್ನಿಸಿತ್ತು. ಹುಡುಗನಿಗೆ ಅಂಥ ಆಯ್ಕೆ ಇರಲಿಲ್ಲ. ಗೊತ್ತಿಲ್ಲದ್ದನ್ನು ಪ್ರತಿಭೆ ಎಂದು ಹೊಗಳುವುದು ಮಕ್ಕಳಿಗೆ ಬೇಗ ಗೊತ್ತಾಗಿಬಿಡುವ ಮೋಸ.

1909–10ರ ಸುಮಾರಿನ ಬ್ರಾಕ್‌ನ ಒಂದು ಚಿತ್ರ ಈ ಮಾತಿಗೆ ಸಾಕ್ಷಿ. ವಯಲಿನ್ ಮತ್ತು ಹೂಜಿ ಚೂರುಚೂರಾಗಿ ಒಂದರೊಳಗೊಂದು ಜಾರಿಕೊಂಡಿವೆ. ಮೇಲ್ಗಡೆ ಮಾತ್ರ ಒಂದು ಮೊಳೆ ಇದೆ, ಹಳೆಯ ಪದ್ಧತಿಯಲ್ಲಿ, ನೆರಳಿನ ಸಮೇತ, ಕೀಳಬಹುದು ಎನ್ನಿಸುವಷ್ಟು ಖರೆ. ಅಂದರೆ ಒಂದೇ ಕಣ್ಣಿನ ವಿದ್ಯೆಯನ್ನು ಅವನು ಎಸೆದಿಲ್ಲ, ಇನ್ನೊಂದರ ಪಕ್ಕಕ್ಕೆ ತಂದು ನಿಲ್ಲಿಸಿದ್ದಾನೆ. ಮಕ್ಕಳಿಗೆ ಕ್ಯೂಬಿಸಂ ಕಲಿಸುವ ಯಾವ ಪಾಠದಲ್ಲೂ ನಾನು ಈ ಮೊಳೆಯನ್ನು ಕಂಡಿಲ್ಲ.

ಹಾಗಾಗಿ ಎರಡನೆಯ ದಿನ ಇಡೀ ಬೆಳಿಗ್ಗೆ ಅಂಡಾಕಾರಕ್ಕೇ ಹೋಯಿತು. ಪರೀಕ್ಷೆಯ ಹುಡುಗಿಯರೇ ಗುರುಗಳು. ಒಂದು ಕಣ್ಣು ಮುಚ್ಚಿ, ಕೈ ಚಾಚಿ, ಪೆನ್ಸಿಲ್ ಅಡ್ಡ ಹಿಡಿದು ಎಲ್ಲರೂ ಅಳೆದರು. ಬಾಯಿ ಚಪ್ಪಟೆಯಾಗಿ ಕಾಣುವುದನ್ನು ಮೊದಲ ಸಲ ಕಂಡಾಗ ಹುಡುಗರಿಗೆ ಆದ ಬೆರಗು ಕೃತಕವಾದುದಲ್ಲ. ದಿನಾ ಕೈಯಲ್ಲಿ ಹಿಡಿಯುವ ತಂಬಿಗೆ, ಅದು ಹೀಗೂ ಇದೆ!

ಮಧ್ಯಾಹ್ನದ ಮೇಲೆ ತಂಬಿಗೆಯ ಜಾಗಕ್ಕೆ ಒಂದು ಹಳೆಯ ಕಂದೀಲು ತಂದಿಟ್ಟೆ. ಮಕ್ಕಳನ್ನು ಸುತ್ತ ಕೂರಿಸಿ, ಕೂತಲ್ಲಿಂದ ಕಂಡದ್ದನ್ನು ಅಂಗೈಯಗಲದ ಕಾಗದದ ಮೇಲೆ ಬರೆಯಲು ಹೇಳಿದೆ. ಹತ್ತು ನಿಮಿಷಕ್ಕೊಮ್ಮೆ ಏಳಬೇಕು, ಎಡಕ್ಕೆ ಮೂರು ಜಾಗ ಸರಿಯಬೇಕು, ಇನ್ನೊಂದು ಕಾಗದ ತೆಗೆದುಕೊಳ್ಳಬೇಕು. ಕೊನೆಯದನ್ನು ಕಟ್ಟೆ ಹತ್ತಿ ನಿಂತು ಮೇಲಿನಿಂದ. ಗದ್ದಲವೋ ಗದ್ದಲ. ‘ಮಾಡಿ ಕಲಿ’ ಎನ್ನುವುದನ್ನು ನಮ್ಮಲ್ಲಿ ಮಂತ್ರದ ಹಾಗೆ ಹೇಳುತ್ತಾರೆ. ನಲಿ–ಕಲಿ ಬಂದ ನಾಡು ಇದು, ಪುತ್ತೂರಿನ ಬಾಲವನದಲ್ಲಿ ಶಿವರಾಮ ಕಾರಂತರು ಮಕ್ಕಳನ್ನು ಕಟ್ಟಿಕೊಂಡು ಏನೇನೋ ಮಾಡಿದ ನಾಡು. ಆದರೆ ತ್ರಿಕೋನಕ್ಕೆ ಬಣ್ಣ ತುಂಬುವುದೂ ಕೈಯಿಂದ ಮಾಡುವ ಕೆಲಸವೇ. ಕ್ಯೂಬಿಸಂ ಕಲಿಯಲು ಕೈಗಿಂತ ಮೊದಲು ಕಾಲು ಬೇಕು ಎಂದು ನನಗೆ ತೋರಿದ್ದು ಆ ಮಧ್ಯಾಹ್ನ.

ಮೂರನೆಯ ಸುತ್ತಿನಲ್ಲಿ ಒಬ್ಬಳು ಕೇಳಿದಳು: “ನಾ ಅಲ್ಲಿ ಕುಂತಾಗ ಬತ್ತಿ ಏರಸೂ ತಿರುಗಣಿ ಕಾಣಸ್ತಿತ್ರಿ, ಇಲ್ಲಿ ಕಾಣವಲ್ದು. ತಗದ ಬಿಡ್ಲೇನ್ರಿ?”

ಈ ಪ್ರಶ್ನೆ ಬಂದರೆ ಪಾಠ ಶುರುವಾಯಿತೆಂದು ಲೆಕ್ಕ. ಕಾಣದೆ ಹೋದದ್ದು ಇಲ್ಲವಾಯಿತೇ? ಇನ್ನೊಬ್ಬ ಹುಡುಗ ಅವಳ ಎದುರಿನಿಂದಲೇ ಕೂಗಿದ, “ತಗೀಬ್ಯಾಡ, ನನಗ ಕಾಣಸ್ತೈತಿ!” ಪ್ಯಾರಿಸ್ಸಿನ ಇಬ್ಬರು ಚಿತ್ರಕಾರರು ಏಳು ವರ್ಷ ನಡೆಸಿದ ಜಗಳವನ್ನು ಇದಕ್ಕಿಂತ ಚಿಕ್ಕದಾಗಿ ಹೇಳಲು ನನಗೆ ಬರುವುದಿಲ್ಲ. ಅವಳು ಕೊನೆಗೆ ತಿರುಗಣಿಯನ್ನು ತೆಗೆಯಲಿಲ್ಲ, ಚುಕ್ಕಿ ಚುಕ್ಕಿ ಗೆರೆಯಲ್ಲಿ ಬರೆದಳು.

ಚಿಕ್ಕ ಕಾಗದಗಳನ್ನೆಲ್ಲ ಕತ್ತರಿಸಿ ಒಂದು ದೊಡ್ಡ ಹಾಳೆಯ ಮೇಲೆ ಜೋಡಿಸುವುದು ಮೂರನೆಯ ದಿನದ ಕೆಲಸ. ಅದು ಅಷ್ಟು ಚೆನ್ನಾಗಿ ನಡೆಯಲಿಲ್ಲ. ಅರ್ಧ ಜನ ಕಂದೀಲನ್ನು ಮತ್ತೆ ಕಂದೀಲಿನ ಹಾಗೇ ಜೋಡಿಸಿದರು, ಉಳಿದರ್ಧ ಜನ ಮನಬಂದಂತೆ ಚೆಲ್ಲಿದರು. ಎರಡೂ ಸುಲಭದ ದಾರಿಗಳು. ಯಾವ ಚೂರು ಯಾವುದರ ಪಕ್ಕ ಬಂದರೆ ಎರಡಕ್ಕೂ ಏನಾದರೂ ಆಗುತ್ತದೆ ಎಂದು ತೂಗಿ ನೋಡುವುದಕ್ಕೆ ತಾಳ್ಮೆ ಬೇಕು. ಇದ್ದಿಲು, ಸುಣ್ಣ, ಕೆಮ್ಮಣ್ಣು, ಈ ಮೂರೇ ಬಣ್ಣ ಕೊಟ್ಟಿದ್ದೆ. ಹಸಿರು ಇಲ್ಲವೆಂದು ಒಬ್ಬ ಮುನಿಸಿಕೊಂಡು ಮನೆಗೆ ಹೋಗಿ ಮರುದಿನ ಬಂದ.

ಆ ಮನೆಯಲ್ಲಿ ಒಬ್ಬ ಹಿರಿಯರು ಮೂಲೆಯಲ್ಲಿ ಕೂತು ಕೌದಿ ಹೊಲಿಯುತ್ತಿದ್ದರು. ನಾಲ್ಕನೆಯ ದಿನ ಮಕ್ಕಳನ್ನು ಅವರ ಮುಂದೆ ಕೂರಿಸಿದೆ. ಉತ್ತರ ಕರ್ನಾಟಕದವರಿಗೆ ಕೌದಿಯನ್ನು ವಿವರಿಸಬೇಕಿಲ್ಲ. ಉಳಿದವರಿಗೆ: ಹಳೆಯ ಸೀರೆ, ಧೋತರ, ಕುಪ್ಪಸದ ಖಣ, ಎಲ್ಲವನ್ನೂ ಪದರ ಪದರವಾಗಿ ಹಾಸಿ, ಮೇಲೆ ತುಂಡುಗಳನ್ನಿಟ್ಟು, ಅಂಚಿನಿಂದ ಅಂಚಿಗೆ ದಾರ ಓಡಿಸಿದ ಹೊದಿಕೆ. ಅಮ್ಮ ಒಂದೊಂದು ತುಂಡಿನ ಮೇಲೂ ಬೆರಳಿಟ್ಟು ಹೇಳುತ್ತ ಹೋದರು. ಇದು ಇಳಕಲ್ಲ ಸೀರೆಯ ಸೆರಗು, ತೋಪು ತೆನೆ ಇನ್ನೂ ಕಾಣುತ್ತದೆ. ಇದು ಗುಳೇದಗುಡ್ಡದ ಖಣ, ಮಗಳ ಸೀಮಂತದ್ದು. ಇದು ಮೊಮ್ಮಗನ ಶಾಲೆಯ ಅಂಗಿ. ತುಂಡು ಕೌದಿಯ ಭಾಗವಾಗಿದೆ, ಆದರೆ ತಾನು ಯಾರೆಂಬುದನ್ನು ಮರೆತಿಲ್ಲ.

1912ರಲ್ಲಿ ಪಿಕಾಸೊ ಒಂದು ಅಂಡಾಕಾರದ ಚಿತ್ರಕ್ಕೆ ಬೆತ್ತದ ಕುರ್ಚಿಯ ಹೆಣಿಗೆ ಅಚ್ಚಾದ ಮೇಣಬಟ್ಟೆಯನ್ನು ಅಂಟಿಸಿ, ಸುತ್ತ ನಿಜವಾದ ಹಗ್ಗವನ್ನೇ ಚೌಕಟ್ಟು ಮಾಡಿದ. ಅದೇ ವರ್ಷ ಬ್ರಾಕ್ ಕಟ್ಟಿಗೆಯ ನಾರಿನಂತೆ ಕಾಣುವ ಗೋಡೆಕಾಗದದ ಪಟ್ಟಿಗಳನ್ನು ಚಿತ್ರಕ್ಕೆ ಹಚ್ಚಿದ. ಕೊಲಾಜ್ ಎಂದು ಇಂದು ಎಲ್ಲ ಶಾಲೆಗಳಲ್ಲೂ ಮಾಡಿಸುವ ಕೆಲಸದ ಮೂಲ ಅಲ್ಲಿದೆ. ಶಾಲೆಯ ಕೊಲಾಜಿನಲ್ಲಿ ಹಸಿರು ಕಾಗದದ ಚೂರು ಎಲೆಯಾಗಿಬಿಡುತ್ತದೆ, ಕಾಗದವೆಂಬುದು ಮರೆತುಹೋಗುತ್ತದೆ. ಅವರ ಕೊಲಾಜಿನಲ್ಲಿ ಪತ್ರಿಕೆಯ ಚೂರು ಪತ್ರಿಕೆಯಾಗಿಯೂ ಉಳಿಯುತ್ತದೆ, ಬಾಟಲಿಯೂ ಆಗುತ್ತದೆ. ಇದನ್ನು ಹೇಳಲು ನನಗೆ ಪಿಕಾಸೊ ಬೇಕಾಗಲಿಲ್ಲ, ಕೌದಿ ಸಾಕಾಯಿತು. ಹಾಗೆಂದು ಕೌದಿಯೇ ಕ್ಯೂಬಿಸಂ ಎಂದು ನಾನು ಹೇಳುತ್ತಿಲ್ಲ. ಕೌದಿ ಚಳಿಗೆ ಹೊದೆಯುವುದಕ್ಕೆ ಇದೆ, ಅದಕ್ಕೆ ಬೇರೆ ಸಮರ್ಥನೆ ಬೇಕಿಲ್ಲ.

ಅಂದು ಮಧ್ಯಾಹ್ನ ದರ್ಜಿಯ ಅಂಗಡಿಯ ಚೂರುಬಟ್ಟೆ, ಹಳೆಯ ಪತ್ರಿಕೆ, ಮೈದಾ ಕುದಿಸಿದ ಅಂಟು ಇಟ್ಟುಕೊಂಡು ತಂಬಿಗೆಗೆ ಮರಳಿದೆವು. ತಂಬಿಗೆಯ ಹೊಳಪಿಗೆ ಒಬ್ಬ ಗುಟಕಾ ಚೀಟಿಯನ್ನು ತಿರುವಿ ಬೆಳ್ಳಿ ಬದಿಯನ್ನು ಅಂಟಿಸಿದ. ಅಂಚಿನಲ್ಲಿ ಕಂಪನಿಯ ಹೆಸರಿನ ಬಾಲ ಕಾಣುತ್ತಲೇ ಇತ್ತು, ಕತ್ತರಿಸು ಎಂದು ಯಾರೋ ಹೇಳಿದರೂ ಕತ್ತರಿಸಲಿಲ್ಲ. ಇನ್ನೊಬ್ಬಳು ತಂಬಿಗೆಯ ಹೊಟ್ಟೆಗೆ ಪತ್ರಿಕೆಯ ತಲೆಬರಹದ ಚೂರು ಹಚ್ಚಿದಾಗ ಅದರಲ್ಲಿ ‘ಬರ’ ಎಂಬ ಎರಡೇ ಅಕ್ಷರ ಉಳಿಯಿತು. ಇದು ಮಳೆಯಿಲ್ಲದ ಬರವೋ, ‘ಬರತೈತಿ’ ಎಂಬುದರ ಮೊದಲರ್ಧವೋ ಎಂದು ಅರ್ಧ ಗಂಟೆ ವಾದ ನಡೆಯಿತು. ನೀರಿನ ತಂಬಿಗೆಯ ಮೇಲೆ ಆ ಎರಡಕ್ಷರ! ಪಿಕಾಸೊನ ಆ ಕುರ್ಚಿಯ ಚಿತ್ರದಲ್ಲೂ ಪತ್ರಿಕೆಗಿರುವ ಫ್ರೆಂಚ್ ಪದದ ಮೊದಲ ಮೂರು ಅಕ್ಷರಗಳಷ್ಟೇ ಇವೆ. ಆಟವಾಡು ಎಂಬ ಕ್ರಿಯಾಪದವೂ ಅವೇ ಅಕ್ಷರಗಳಿಂದ ಶುರುವಾಗುತ್ತದೆಂದು ವಿದ್ವಾಂಸರು ಪುಟಗಟ್ಟಲೆ ಬರೆದಿದ್ದಾರೆ. ಬೇವೂರಿನ ಪಡಸಾಲೆಯಲ್ಲಿ ನಡೆದದ್ದೂ ಅದೇ ವಿದ್ವತ್ತು, ಸ್ವಲ್ಪ ಹೆಚ್ಚು ಗದ್ದಲದೊಂದಿಗೆ.

ಇನ್ನು ಬಾದಾಮಿಯ ಮಾತು. ಈ ಸೀಮೆಯಲ್ಲಿ ಕ್ಯೂಬಿಸಂ ಎಂದರೆ ಯಾರಾದರೂ ಒಬ್ಬರು ‘ಅದೆಲ್ಲ ನಮ್ಮ ಚಾಲುಕ್ಯರು ಅಂದೇ ಮಾಡಿದ್ದು’ ಎನ್ನದೆ ಬಿಡುವುದಿಲ್ಲ. ಅವರು ಬೊಟ್ಟು ಮಾಡುವುದು ಒಂದನೆಯ ಗುಹೆಯ ದ್ವಾರಪಾಲಕನ ಕೆಳಗಿನ ಶಿಲ್ಪವನ್ನು. ಎತ್ತು ಮತ್ತು ಆನೆ, ಎರಡು ಮೈ, ಒಂದೇ ತಲೆ. ಒಂದು ಬದಿ ಕೈಯಿಂದ ಮುಚ್ಚಿದರೆ ಆನೆ, ಇನ್ನೊಂದು ಬದಿ ಮುಚ್ಚಿದರೆ ಎತ್ತು. ಎರಡನೆಯ ಗುಹೆಯ ಛಾವಣಿಯಲ್ಲಿ ಹದಿನಾರು ಮೀನುಗಳೇ ಅರಗಳಾದ ಚಕ್ರವಿದೆ. ಒಂದನೆಯ ಗುಹೆಯ ಹದಿನೆಂಟು ತೋಳಿನ ನಟರಾಜನನ್ನೂ ಸೇರಿಸಿಕೊಳ್ಳುತ್ತಾರೆ. ಗೈಡುಗಳು ಅವನಲ್ಲಿ ಎಂಬತ್ತೊಂದು ಭಂಗಿಗಳನ್ನು ಲೆಕ್ಕ ಹಾಕಿ ತೋರಿಸುತ್ತಾರೆ. ಬನಶಂಕರಿ ಜಾತ್ರೆಗೆ ಹೋದಾಗ ಗುಹೆ ಹತ್ತಿಳಿದ ಮಕ್ಕಳು ನನ್ನ ಗುಂಪಿನಲ್ಲೂ ಇದ್ದರು. ಐದನೆಯ ದಿನ ಎತ್ತು–ಆನೆಯ ಫೋಟೋ ತೋರಿಸಿದೆ. ಕೈ ಮುಚ್ಚಿ ತೆಗೆದು ಅವರು ಪಟ್ಟ ಖುಷಿ ಹೇಳತೀರದು.

ಆದರೆ ಇದು ಕ್ಯೂಬಿಸಂ ಅಲ್ಲ, ಅಲ್ಲವೆಂದು ಮಕ್ಕಳಿಗೆ ಹೇಳುವುದು ಶಿಲ್ಪಿಗೆ ಮಾಡುವ ಅವಮಾನವೂ ಅಲ್ಲ. ಆರನೆಯ ಶತಮಾನದ ಆ ಶಿಲ್ಪಿ ಒಂದು ಒಗಟು ಕಟ್ಟಿದ್ದಾನೆ. ಒಗಟಿಗೆ ಬಿಡಿಸುವ ದಾರಿ ಇದೆ. ಕೈ ಅಡ್ಡ ಹಿಡಿದರೆ ಆನೆ ಪೂರ್ಣ ಆನೆ, ಎತ್ತು ಪೂರ್ಣ ಎತ್ತು. ಬ್ರಾಕ್‌ನ ವಯಲಿನ್ನಿನ ಮೇಲೆ ಎಲ್ಲಿ ಕೈ ಇಟ್ಟರೂ ಪೂರ್ಣ ವಯಲಿನ್ ಸಿಗುವುದಿಲ್ಲ. ಅಲ್ಲಿ ಬಿಡಿಸಲಾಗದೆ ಉಳಿಯುವುದೇ ವಿಷಯ. ಬಾದಾಮಿಯ ಶಿಲ್ಪದಿಂದ ಮಕ್ಕಳು ಕಲಿಯಬಹುದಾದದ್ದು ಬೇರೆ: ಒಂದೇ ಗೆರೆ ಎರಡು ಜೀವಗಳಿಗೆ ಸೇರಬಹುದು ಎಂಬುದು. ಕ್ಯೂಬಿಸ್ಟರೂ ಇದನ್ನು ಬಳಸಿದರು, ಗ್ಲಾಸಿನ ಅಂಚೇ ಮೇಜಿನ ಅಂಚೂ ಆಗುವ ಹಾಗೆ. ದಾರಿ ಒಂದು, ಹೋಗುವ ಊರು ಬೇರೆ.

ಈ ‘ನಮ್ಮಲ್ಲೂ ಇತ್ತು’ ಎಂಬ ಆತುರದ ಹಿಂದೆ ಹಳೆಯ ಗಾಯವೊಂದಿದೆ. 1920ರ ದಶಕದಲ್ಲಿ ಕಲ್ಕತ್ತೆಯ ಗಗನೇಂದ್ರನಾಥ ಟ್ಯಾಗೋರರು ಕ್ಯೂಬಿಸಂನ ಮುರಿದ ಮುಖಗಳನ್ನೂ ಬೆಳಕನ್ನೂ ತೆಗೆದುಕೊಂಡು ತಮ್ಮದೇ ಕನಸಿನ ಮನೆಗಳನ್ನು, ಮೆಟ್ಟಿಲುಗಳನ್ನು ಬರೆದರು. 1922ರಲ್ಲಿ ಸ್ಟೆಲ್ಲಾ ಕ್ರಾಮ್ರಿಶ್ ಅವರನ್ನು ಭಾರತೀಯ ಕ್ಯೂಬಿಸ್ಟ್ ಎಂದು ಕರೆದು ಲೇಖನ ಬರೆದರು. ಅದೇ ವರ್ಷದ ಡಿಸೆಂಬರಿನಲ್ಲಿ ಜರ್ಮನಿಯ ಬೌಹೌಸ್ ಕಲಾವಿದರ ಪ್ರದರ್ಶನ ಕಲ್ಕತ್ತೆಗೆ ಬಂತು. 1959ರಲ್ಲಿ ಇಂಗ್ಲಿಷ್ ವಿಮರ್ಶಕ ಡಬ್ಲ್ಯೂ.ಜಿ. ಆರ್ಚರ್ ತನ್ನ ಪುಸ್ತಕದಲ್ಲಿ ಗಗನೇಂದ್ರರ ಈ ಚಿತ್ರಗಳನ್ನು ದುರ್ಬಲ ಅನುಕರಣೆಯೆಂದು ತಳ್ಳಿಹಾಕಿದ. ಪಾರ್ಥ ಮಿತ್ತರ್ 2007ರ ತಮ್ಮ ಗ್ರಂಥದಲ್ಲಿ ಈ ಬಗೆಯ ತೀರ್ಪಿನ ಬೇರನ್ನೇ ಹಿಡಿದು ತೋರಿಸಿದ್ದಾರೆ: ಪಿಕಾಸೊನಂತೆ ಮಾಡಿದರೆ ನಕಲು, ಪಿಕಾಸೊನಂತೆ ಮಾಡದಿದ್ದರೆ ಸೋಲು, ಭಾರತದವನಿಗೆ ಎರಡರಲ್ಲೂ ಗೆಲುವಿಲ್ಲ. ನಲವತ್ತು ಮುಖಗಳ ಗೋಡೆಯನ್ನು ನೋಡಿ ‘ಥೇಟ್ ಪಿಕಾಸೊ’ ಎಂದು ಹೊಗಳುವವರು ತಿಳಿಯದೆ ಆರ್ಚರನ ಅಳತೆಗೋಲನ್ನೇ ಹತ್ತು ವರ್ಷದ ಮಗುವಿನ ಕೈಗೆ ಕೊಡುತ್ತಿದ್ದಾರೆ. ಮಗುವಿಗೆ ಮೊದಲ ದಿನವೇ ತನ್ನ ಚಿತ್ರ ಇನ್ನೊಬ್ಬನದಕ್ಕೆ ಎಷ್ಟು ಹತ್ತಿರ ಎಂದು ನೋಡುವ ಅಭ್ಯಾಸ ಹಿಡಿಯುತ್ತದೆ. ನಾನು ಬೇವೂರಿನಲ್ಲಿ ಐದನೆಯ ದಿನದ ಸಂಜೆಯವರೆಗೆ ಒಂದೂ ಪಿಕಾಸೊ ಚಿತ್ರ ತೋರಿಸದೆ ಇದ್ದದ್ದು ಇದೇ ಕಾರಣಕ್ಕೆ. ತೋರಿಸಿದಾಗ ಅವರು ಬೆರಗಾಗಲಿಲ್ಲ. ಇವನೂ ಎದ್ದು ಸುತ್ತು ಹಾಕಿದ್ದಾನೆ ಎಂದು ಗುರುತಿಸಿದರು, ಒಬ್ಬಳು ಎಷ್ಟು ಸಲ ಎದ್ದಿರಬೇಕೆಂದು ಬೆರಳಿಟ್ಟು ಎಣಿಸಿದಳು.

ಕೊನೆಯ ದಿನ ವಸ್ತುವನ್ನು ಅವರಿಗೇ ಬಿಟ್ಟಿದ್ದೆ. ಮುಖಗಳು ಬಂದವು, ಬೈಕುಗಳು ಬಂದವು. ಒಬ್ಬ ಹುಡುಗ ಮನೆ ಬರೆದ. ಅವನ ಮನೆಯವರು ವರ್ಷದಲ್ಲಿ ಕೆಲವು ತಿಂಗಳು ಗೋವಾಕ್ಕೆ ಕಟ್ಟಡದ ಕೆಲಸಕ್ಕೆ ಹೋಗುತ್ತಾರೆ, ಅವನೂ ಹೋಗಿಬರುತ್ತಾನೆ, ಶಾಲೆಯ ಹಾಜರಿಯಲ್ಲಿ ಅಷ್ಟು ತಿಂಗಳು ಖಾಲಿ. ಹಾಳೆಯ ಎಡಕ್ಕೆ ಮಣ್ಣಿನ ಮಾಳಿಗೆ ಮನೆ, ಎದುರಿನಿಂದ. ಬಲಕ್ಕೆ ತಗಡಿನ ಶೆಡ್ಡು, ಮೇಲಿನಿಂದ. ಅವರಪ್ಪ ಕಟ್ಟುತ್ತಿದ್ದ ಬಹುಮಹಡಿ ಕಟ್ಟಡದ ಮೇಲಿನಿಂದ ಅದು ಹಾಗೇ ಕಾಣುತ್ತಿತ್ತಂತೆ. ಎರಡರ ನಡುವೆ ಒಂದೇ ಬಾಗಿಲು. ಅದು ಎಡಗಡೆಯ ಗೋಡೆಗೂ ಸೇರಿತ್ತು, ಬಲಗಡೆಯ ತಗಡಿಗೂ ಸೇರಿತ್ತು.

“ಬಾಗಲಾ ಯಾವ ಮನೀದೋ?” ಎಂದು ಕೇಳಿದೆ.

“ಎರಡರದೂ ರೀ.”

ಪಠ್ಯಪುಸ್ತಕದ ಪ್ರಕಾರ ಇದೂ ಕ್ಯೂಬಿಸಂ ಅಲ್ಲ. ಒಂದು ವಸ್ತುವಿನ ಎರಡು ನೋಟಗಳಲ್ಲ ಇವು, ಇನ್ನೂರು ಕಿಲೋಮೀಟರಿಗೂ ದೂರದ ಎರಡು ವಸ್ತುಗಳು. ಎತ್ತು–ಆನೆಯ ತಲೆಯಿಂದ ಬಾಗಿಲು ಬಂತೋ, ಕಂದೀಲಿನ ಸುತ್ತ ಎದ್ದು ಕೂತದ್ದರಿಂದ ಶೆಡ್ಡಿನ ಮೇಲಿನ ನೋಟ ಬಂತೋ, ನಾನು ಕೇಳಲಿಲ್ಲ, ಅವನೂ ಹೇಳಲಿಲ್ಲ. ಗೆರೆಗಳು ಒರಟಾಗಿದ್ದವು, ಕೆಮ್ಮಣ್ಣು ಹರಿದು ಶೆಡ್ಡಿನೊಳಗೆ ಸೇರಿತ್ತು. ಒಂದೇ ಕಿಟಕಿಯಿಂದ ನೋಡು ಎಂದು ಅವನಿಗೆ ಹೇಳಿದ್ದರೆ ಎರಡರಲ್ಲೊಂದು ಮನೆಯನ್ನು ಬಿಡಬೇಕಾಗಿತ್ತು. ಯಾವುದನ್ನು?

ಈ ಭಾಗದ ಚಿತ್ರಕಲಾ ಶಿಕ್ಷಕರೊಬ್ಬರು ಹಾಳೆಗಳನ್ನೆಲ್ಲ ನೋಡಲು ಬಂದಿದ್ದರು. ಬಹಳ ಹೊತ್ತು ನೋಡಿದರು. ಅವರ ಆಕ್ಷೇಪಗಳು ನ್ಯಾಯವಾದವು. ವಾರಕ್ಕೆ ಸಿಗುವುದೇ ಒಂದೆರಡು ಪಿರಿಯಡ್, ಒಂದು ತರಗತಿಯಲ್ಲಿ ಅರವತ್ತು ಮಕ್ಕಳು, ಎದ್ದು ಸುತ್ತು ಹಾಕಲು ಜಾಗವೆಲ್ಲಿದೆ? ಜೊತೆಗೆ ಅವರು ಕೇಳಿದ ಇನ್ನೊಂದು ಪ್ರಶ್ನೆಗೆ ನಾನು ಇನ್ನೂ ಉತ್ತರ ಹುಡುಕುತ್ತಿದ್ದೇನೆ: “ತ್ರಿಕೋನ ಹೊಡದದ್ದಕ್ಕ ಮಾರ್ಕ್ಸ್ ಕೊಡೂದು ಸರಳ ರೀ ಮೇಡಂ. ಇದಕ್ಕ ಏನ ನೋಡಿ ಕೊಡ್ಲಿ?”

ವಿಮರ್ಶೆಯ ವಿದ್ಯಾರ್ಥಿಗೆ ಇದಕ್ಕಿಂತ ನೇರವಾದ ಪ್ರಶ್ನೆ ಬರಲಾರದು. ಚಂದವನ್ನು ನೋಡಿ ಕೊಡುವ ಹಾಗಿಲ್ಲ, ಹೋಲಿಕೆಯನ್ನು ನೋಡಿ ಕೊಡುವ ಹಾಗಿಲ್ಲ. ಆ ಸಂಜೆ ನಾವಿಬ್ಬರೂ ಕೂತು ಎರಡು ಹಾಳೆಗಳನ್ನು ಪಕ್ಕಪಕ್ಕ ಇಟ್ಟುಕೊಂಡೆವು. ಮೊದಲನೆಯದು ಪರೀಕ್ಷೆಯ ಹುಡುಗಿಯೊಬ್ಬಳ ಕಂದೀಲು. ಚೂರುಗಳ ಅಂಚು ಅಚ್ಚುಕಟ್ಟು, ಇದ್ದಿಲಿನ ನೆರಳು ನಯ. ಆದರೆ ಎಲ್ಲ ಚೂರುಗಳೂ ಒಂದೇ ಜಾಗದಿಂದ ಕಂಡವು. ಮೂರು ಸಲ ಎದ್ದವಳು ಜೋಡಿಸುವಾಗ ಮೊದಲಿನ ಕಾಗದವನ್ನೇ ಮತ್ತೆ ಮತ್ತೆ ಆರಿಸಿಕೊಂಡಿದ್ದಾಳೆ, ಯಾಕೆಂದರೆ ಅದರಲ್ಲಿ ಅಂಡಾಕಾರ ಚೆನ್ನಾಗಿ ಬಂದಿತ್ತು. ಎರಡನೆಯದು ತಿರುಗಣಿ ತಗೀಲೇನು ಎಂದು ಕೇಳಿದವಳದು. ಗಾಜು ಸೊಟ್ಟಗಾಗಿದೆ, ಒಂದು ಕಡೆ ಅಂಟು ಹೆಚ್ಚಾಗಿ ಕಾಗದ ಸುಕ್ಕುಗಟ್ಟಿದೆ. ಹಿಡಿಕೆ ಎರಡು ಸಲ ಬಂದಿದೆ, ಒಂದು ಸಲ ಕಮಾನಿನ ಹಾಗೆ, ಇನ್ನೊಂದು ಸಲ ಮೇಲಿನಿಂದ ನೋಡಿದ ಬರೀ ಒಂದು ಗೆರೆಯಾಗಿ. ತಿರುಗಣಿ ಒಂದು ಕಡೆ ಗಟ್ಟಿ ಗೆರೆಯಲ್ಲಿದೆ, ಇನ್ನೊಂದು ಕಡೆ ಚುಕ್ಕಿಗಳಲ್ಲಿ. ಅವಳು ಎಲ್ಲೆಲ್ಲಿ ಕೂತಿದ್ದಳು, ಯಾವಾಗ ಕಟ್ಟೆ ಹತ್ತಿದಳು ಎಂದು ಆ ಹಾಳೆಯನ್ನು ನೋಡಿ ಹೇಳಬಹುದಿತ್ತು. ಶಿಕ್ಷಕರು ಬೆರಳಿನಿಂದ ನೆಲದ ಮೇಲೆ ಆ ಜಾಗಗಳನ್ನು ಒಂದೊಂದಾಗಿ ಗುರುತು ಹಾಕಿದರು: ಇಲ್ಲಿ, ಇಲ್ಲಿ, ಆಮೇಲೆ ಇಲ್ಲಿ.